ಕಲ್ಲಿನ ಜೊತೆ ಬಂದವನು

ಶುಕ್ರವಾರ ಬೆಳಿಗ್ಗೆ ಬರ್ಜಸನ ಹೊಸ ಅಕ್ವೇರಿಯಂ ‘ಟಕ್’ ಎಂದಿತು. ಒಂದೂವರೆ ತಿಂಗಳು ಉಪ್ಪುನೀರನ್ನು ಹದ ಮಾಡಿ, ಅಂಗಡಿಯವನು ‘ಜೀವಂತ ಕಲ್ಲು’ ಎಂದು ಮಾರಿದ ಸಮುದ್ರದ ಕಲ್ಲುಗಳನ್ನು ಅದರಲ್ಲಿ ಜೋಡಿಸಿ, ಆ ದಿನ ಮಗಳು ಲುಲ್ವಾಳಿಗಾಗಿ ಎರಡು ಕಿತ್ತಳೆ ಬಣ್ಣದ ಮೀನು ತಂದಿದ್ದ. ಮೀನುಗಳಿನ್ನೂ ಬಕೆಟ್ಟಿನಲ್ಲಿದ್ದವು. ಸಂಜೆಯೊಳಗೆ ಅಕ್ವೇರಿಯಂಗೆ ಬಿಡದಿದ್ದರೆ ಬದುಕುವುದಿಲ್ಲ ಎಂದು ಅಂಗಡಿಯವನು ಹೇಳಿ ಕಳಿಸಿದ್ದ. ಬಿಡೋಣವೆಂದು ಬಗ್ಗಿದರೆ ದೊಡ್ಡ ಕಲ್ಲಿನ ತೂತಿನಿಂದ ಎರಡು ಕಣ್ಣು ಇಣುಕಿದವು, ಇನ್ನೊಂದು ‘ಟಕ್’ ಕೇಳಿಸಿತು, ಕಣ್ಣು ಮಾಯವಾದವು.

ಕಲ್ಲಿನ ಜೊತೆ ಹೇಳದೆ ಕೇಳದೆ ಬಂದ ಪ್ರಾಣಿ. ಸಾಧುವೋ, ಕೊಲೆಗಾರನೋ?

ಒಬ್ಬನೇ ಕೂತು ಯೋಚಿಸಿದ್ದರೆ ಬರ್ಜಸ್ ಬಚಾವಾಗುತ್ತಿದ್ದ. ಆದರೆ ಅಕ್ವೇರಿಯಂ ಇದ್ದದ್ದು ದಿವಾನಿಯಾದಲ್ಲಿ. ಮನೆಯ ಆ ಹೊರಕೋಣೆಗೆ ನಮ್ಮ ಕುವೈತಿನಲ್ಲಿ ಯಾರನ್ನೂ ಕರೆಯಬೇಕಿಲ್ಲ, ಬಂದವರನ್ನು ಹೋಗಿ ಎನ್ನುವಂತೆಯೂ ಇಲ್ಲ.

ಮೊದಲು ಬಂದವರು ಖಲಫ್ ಚಿಕ್ಕಪ್ಪ, ನಲವತ್ತು ವರ್ಷ ಸಮುದ್ರದಲ್ಲಿ ಮೀನು ಹಿಡಿದವರು. ಗಾಜಿಗೆ ಮೂಗು ಒತ್ತಿ ನೋಡಿದರು.

“ಇದು ಕುಟ್ಟೋ ಸಿಗಡಿ ಕಣೋ. ಒಂದೇ ಏಟಿಗೆ ಗಾಜು ಒಡೆಯತ್ತೆ. ಕಾರ್ಪೆಟ್ ಸುತ್ತಿಡು.”

“ಕಾರ್ಪೆಟ್ ಬಿಡಿ ಚಿಕ್ಕಪ್ಪ, ಮೀನು ತಿನ್ನತ್ತಾ?”

“ಮೀನೇನು, ನಿನ್ನ ಬೆರಳೂ ತಿನ್ನತ್ತೆ!”

ಅಷ್ಟರಲ್ಲಿ ಬರ್ಜಸನ ಆಫೀಸಿನ ಸಾದೂನ್ ಬಂದ, ಮೊಬೈಲ್ ತೆಗೆದ. “ಚಿಕ್ಕಪ್ಪಂಗೆ ಹುರಿದ ಮೇಲೆ ಮಾತ್ರ ಗುರುತು ಸಿಗೋದು. ಇದು ಏಡಿ. ಫೋಟೋ ತೋರಿಸ್ತೀನಿ ಇರಿ.” ಮೊಬೈಲಿನಲ್ಲಿ ಅವನ ನಾದಿನಿಯ ಮಗುವಿನ ಹುಟ್ಟುಹಬ್ಬ ದಾಟಿ ಏಡಿ ಸಿಗಲು ಹತ್ತು ನಿಮಿಷ ಹಿಡಿಯಿತು. ಆ ಏಡಿ ಯಾವ ಕೋನದಿಂದಲೂ ಇದರಂತಿರಲಿಲ್ಲ.

ಚಿಕ್ಕಪ್ಪನ ಸಲಹೆಯಂತೆ ಬರ್ಜಸ್ ದಾರಕ್ಕೆ ಒಣಸಿಗಡಿ ಕಟ್ಟಿ ಇಳಿಬಿಟ್ಟ. ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯ ತೋಳು ಕಂಕುಳಿನವರೆಗೆ ನೆನೆಯಿತು. ಸಿಗಡಿ ಒಳಗೆ ಹೋಯಿತು, ದಾರ ಹೊರಗೆ ಬಂತು. ಸೋಡಾದಲ್ಲಿ ಕಲ್ಲು ಮುಳುಗಿಸು, ತಾನಾಗಿ ಓಡಿಬರುತ್ತದೆ ಎಂದ ಸಾದೂನ್. ಕಲ್ಲನ್ನೆತ್ತಿ ಅಡುಗೆಮನೆಯ ದೊಡ್ಡ ಪಾತ್ರೆಗೆ ಹಾಕುವಾಗ, ಅದರ ಅಡಿಯಲ್ಲಿದ್ದ ರೋಮದ ಹುಳು ಬೆರಳಿಗೆಲ್ಲ ಸಣ್ಣ ಮುಳ್ಳು ಚುಚ್ಚಿತು. ಅದೊಂದನ್ನು ಮಾತ್ರ ಇಬ್ಬರೂ ಒಂದೇ ಬಾಯಲ್ಲಿ ಗುರುತಿಸಿದರು.

ಹೆಂಡತಿ ಮುನೀರಾ ಬಾಗಿಲಲ್ಲಿ ನಿಂತಿದ್ದಳು. “ಹದಿನೈದು ಜನಕ್ಕೆ ಮಜ್ಬೂಸ್ ಅನ್ನ ಮಾಡೋ ಪಾತ್ರೆ ರೀ ಅದು! ಅದರಲ್ಲಿ ಹುಳ ಬೇಯಿಸ್ತೀರಾ?”

ಬರ್ಜಸನಿಗೆ ಸಾಕಾಗಿಹೋಯಿತು. ಉರಿಯುವ ಬೆರಳಿನಲ್ಲೇ ಪಾತ್ರೆ ಹೊತ್ತು ಪಕ್ಕದ ಮನೆಯ ಬೂ ಗೈಸ್ ಹತ್ತಿರ ಹೋದ. ಅವರ ಅಕ್ವೇರಿಯಂ ಗೋಡೆಯಷ್ಟು ದೊಡ್ಡದು.

“ನಿಮಗೇ ಅಂತ ತಂದೆ. ಚಂದದ ಕಲ್ಲು,” ಎಂದು ನಾಚಿಕೆಯಿಲ್ಲದೆ ಹೇಳಿ ಬಂದ.

ಮನೆಗೆ ಬಂದು ಮೀನುಗಳನ್ನು ಬಿಟ್ಟ. ಲುಲ್ವಾ ಚಪ್ಪಾಳೆ ತಟ್ಟಿದಳು. ಊಟವಾಯಿತು, ಒಂದು ಟಕ್ ಕೂಡ ಕೇಳಿಸಲಿಲ್ಲ. ಬರ್ಜಸ್ ನೆಮ್ಮದಿಯಾಗಿ ಇಳಿಹೊತ್ತಿನ ನಮಾಜಿಗೆ ಹೋದ. ಮುಗಿದ ಮೇಲೆ ಬೂ ಗೈಸ್ ಅವನನ್ನು ಬಾಚಿ ತಬ್ಬಿಕೊಂಡರು.

“ಎಂಥಾ ಮನಸ್ಸಪ್ಪ ನಿಂದು! ಆ ಕಲ್ಲಲ್ಲಿ ಚಿಟಿಕೆ ಹೊಡೆಯೋ ಪುಟ್ಟ ಸಿಗಡಿ ಇದೆ. ಯಾರ ತಂಟೆಗೂ ಹೋಗಲ್ಲ. ಮೂರು ವರ್ಷದಿಂದ ಹುಡುಕ್ತಿದ್ದೆ.”

ಬರ್ಜಸನಿಗೆ ಹೊಟ್ಟೆ ಉರಿಯಿತು.

“ನಿಮ್ಮ ಮನೆ ಪಾತ್ರೇನ ಖಾಲಿ ಕಳಿಸೋಕಾಗತ್ತಾ? ನನ್ನ ದೊಡ್ಡ ಕಲ್ಲನ್ನೇ ಇಟ್ಟು ನಮಾಜಿಗೆ ಹೊರಡೋ ಮುಂಚೆಯೇ ಡ್ರೈವರ್ ಕೈಲಿ ಕಳಿಸಿದೀನಿ. ಅದರೊಳಗೆ ಒಬ್ಬ ಇದಾನೆ ನೋಡು. ಏಳು ಮೀನು ತಿಂದ, ಒಂದು ದಿನವೂ ಮುಖ ತೋರಿಸಲಿಲ್ಲ. ನಿನ್ನ ದಿವಾನಿಯಾದಲ್ಲಿ ತಿಳಿದವರು ಇರ್ತಾರಲ್ಲ, ಗುರುತು ಹಿಡೀತಾರೆ ಅಂತ.”

ಬರ್ಜಸ್ ಒಂದೇ ಚಪ್ಪಲಿಯಲ್ಲಿ ಓಡಿದ. ಮನೆಯಲ್ಲಿ ಮುನೀರಾ ಪಾತ್ರೆ ತಿಕ್ಕುತ್ತಿದ್ದಳು. “ಎಷ್ಟು ಒಳ್ಳೆ ಜನ ರೀ! ಕಲ್ಲು ಒಣಗಬಾರದು ಅಂತ ಡ್ರೈವರೇ ನೀರಿಗೆ ಇಳಿಸಿ ಹೋದ.”

ದಿವಾನಿಯಾದಲ್ಲಿ ಚಿಕ್ಕಪ್ಪನೂ ಸಾದೂನನೂ ಆಗಲೇ ಗಾಜಿಗೆ ಮೂಗು ಒತ್ತಿ ಕೂತಿದ್ದರು.

“ಅಪ್ಪಾ,” ಎಂದಳು ಲುಲ್ವಾ, “ಒಂದು ಮೀನು ಹೊಸ ಕಲ್ಲಿನ ತೂತೊಳಗೆ ಆಟ ಆಡೋಕೆ ಹೋಯ್ತು. ಆಗಿನಿಂದ ಕರೀತಿದೀನಿ, ಬರ್ತಾನೇ ಇಲ್ಲ.”

“ಹಾವುಮೀನು,” ಎಂದರು ಚಿಕ್ಕಪ್ಪ.

“ಏಡಿ,” ಎಂದ ಸಾದೂನ್.

ಬರ್ಜಸ್ ಉಳಿದ ಒಂದು ಮೀನಿಗಾಗಿ ಬಕೆಟ್ ತರಲು ಹೋದ.