ಚೆಂಡುಹೂವಿನ ಮಾಲೆಯೊಳಗಿನ ಹೊಗೆ ಯಂತ್ರದವರಿಗೆ

ಹೊಳೆನರಸೀಪುರ
24 ನವೆಂಬರ್ 2003

ಶ್ರೀ ಹೊಗೆ ತಪಾಸಣೆ ಯಂತ್ರ ಅವರಿಗೆ,
ಕಾಂತರಾಜು ಅವರ ತಗಡಿನ ಶೆಡ್ಡು,
ಪೆಟ್ರೋಲ್ ಬಂಕಿನ ಪಕ್ಕ, ಹಾಸನ ರಸ್ತೆ.

ಮಾನ್ಯರೇ,

ಕ್ಷೇಮವೇ ಎಂದು ವಿಚಾರಿಸುವುದು ಪತ್ರದ ಪದ್ಧತಿ. ಆದರೆ ಮೊನ್ನೆ ಶನಿವಾರ ರಸ್ತೆಯಿಂದಲೇ ತಮ್ಮ ದರ್ಶನವಾಗಿ, ತಾವು ಹಣೆಗೆ ವಿಭೂತಿ ಕುಂಕುಮ ಇಟ್ಟುಕೊಂಡು, ಕೊರಳಿಗೆ ಒಣಗಿದ ಚೆಂಡುಹೂವಿನ ಮಾಲೆ ಹಾಕಿಕೊಂಡು ನೆಮ್ಮದಿಯಾಗಿ ಕುಳಿತಿದ್ದುದನ್ನು ಕಂಡ ಮೇಲೆ ಆ ವಿಚಾರಣೆ ಅನವಶ್ಯಕವೆನಿಸಿತು. ಹೆಂಗಸರು ಸಾಷ್ಟಾಂಗ ಮಾಡಬಾರದೆಂದು ನಮ್ಮ ಮನೆಯ ಹಿರಿಯರು ಹೇಳುವುದರಿಂದ ಮಂಡಿಯೂರಿದ ನಮಸ್ಕಾರವನ್ನಷ್ಟೇ ಸಲ್ಲಿಸಿ ವಿಷಯಕ್ಕೆ ಬರುತ್ತೇನೆ.

ನಾನು ಕನಕಲಕ್ಷ್ಮಿ. ಇದೇ ಊರಿನ ಬಸ್‌ಸ್ಟ್ಯಾಂಡಿನ ಹಿಂದೆ ಮನೆ, ಕೆಲಸ ಅರಕಲಗೂಡಿನ ಒಂದು ಪ್ರೌಢಶಾಲೆಯಲ್ಲಿ. ಅಲ್ಲಿ ವಿಜ್ಞಾನ ಕಲಿಸುತ್ತೇನೆ. ಅಂದರೆ ಮನುಷ್ಯರ ಬಾಯಿಮಾತಿಗಿಂತ ಉಪಕರಣಗಳ ಅಳತೆಯನ್ನು ನಂಬಬೇಕೆಂದು ವರ್ಷಕ್ಕೆ ನೂರಿಪ್ಪತ್ತು ಮಕ್ಕಳಿಗೆ ಬೋಧಿಸಿ ಸಂಬಳ ತೆಗೆದುಕೊಳ್ಳುವವಳು. ಹೀಗಾಗಿ ತಮ್ಮ ಬಗ್ಗೆ ನನಗಿರುವ ಗೌರವ ವೃತ್ತಿಯಿಂದಲೇ ಬಂದದ್ದು.

ಈ ಗೌರವ ಹೋದ ತಿಂಗಳು ಇನ್ನಷ್ಟು ಹೆಚ್ಚಿತು. ಏಷ್ಯಾ ಖಂಡವೇ ಹೊಗೆಯಿಂದ ಬಿಡುಗಡೆ ಹೊಂದುತ್ತಿರುವ ಬಗ್ಗೆ ಪತ್ರಿಕೆಯಲ್ಲಿ ಅರ್ಧ ಪುಟದ ಲೇಖನ ಬಂದಿತ್ತು. ದೆಹಲಿಯ ಬಸ್ಸುಗಳು ಡೀಸೆಲ್ ಬಿಟ್ಟು ಅನಿಲಕ್ಕೆ ಒಗ್ಗಿಕೊಂಡವಂತೆ, ಢಾಕಾದವರು ಎರಡು ಸ್ಟ್ರೋಕಿನ ಆಟೋಗಳನ್ನು ಊರಾಚೆ ಅಟ್ಟಿದರಂತೆ, ಹಾಂಗ್‌ಕಾಂಗಿನ ಟ್ಯಾಕ್ಸಿಗಳು ಅಡುಗೆಮನೆಯ ಗ್ಯಾಸಿನಂಥದ್ದರಲ್ಲೇ ಓಡಾಡುತ್ತವಂತೆ, ಜಪಾನಿನ ಡೀಸೆಲ್ಲಿನಲ್ಲಿ ಗಂಧಕವನ್ನು ದೀಪ ಹಚ್ಚಿ ಹುಡುಕಬೇಕಂತೆ, ನಮ್ಮ ಪೆಟ್ರೋಲಿನಿಂದಲೂ ಸೀಸ ಹೊರಟುಹೋಗಿ ಮೂರು ವರ್ಷ ದಾಟಿತಂತೆ. ಇಷ್ಟು ದೊಡ್ಡ ಖಂಡದ ಇಷ್ಟೆಲ್ಲ ಪ್ರಗತಿಯನ್ನು ನಮ್ಮ ಊರಿನ ಪಾಲಿಗೆ ಕಾಗದದ ಮೇಲೆ ಇಳಿಸಿಕೊಡುವವರು ತಾವೊಬ್ಬರೇ ಎಂದು ತಿಳಿದು ನನ್ನ ಮೈ ಜುಮ್ಮೆಂದಿತು.

ಆ ಪ್ರಗತಿ ನಮ್ಮಲ್ಲಿಗೆ ಬರುವುದು ಬಸ್ಸಿನ ರೂಪದಲ್ಲಿ. ದೊಡ್ಡ ಊರುಗಳು ಶುದ್ಧವಾಗಬೇಕೆಂದರೆ ಅಲ್ಲಿನ ಮುದಿ ಬಸ್ಸುಗಳು ಎಲ್ಲಿಗಾದರೂ ಹೋಗಬೇಕಲ್ಲ, ಹಾಗೆ ಬೆಂಗಳೂರಿನಲ್ಲಿ ನಿವೃತ್ತಿಯಾದ ಒಂದು ಬಸ್ಸು ಹೊಸ ಬಣ್ಣ ಬಳಿದುಕೊಂಡು ಈಗ ಹೊಳೆನರಸೀಪುರ–ಅರಕಲಗೂಡು ದಾರಿಯಲ್ಲಿ ಎರಡನೇ ಯೌವನ ಅನುಭವಿಸುತ್ತಿದೆ. ಅದರ ಹೆಸರು ಬರೆಯುವುದಿಲ್ಲ; ಹಣೆಯ ಮೇಲೆ ದೇವರ ಹೆಸರಿದೆ, ದೇವರನ್ನು ಈ ವ್ಯವಹಾರಕ್ಕೆ ಎಳೆಯುವುದು ಬೇಡ. ಅದು ಬೆಳಿಗ್ಗೆ ಒಂಬತ್ತಕ್ಕೆ ಬಂದು ಬಸ್‌ಸ್ಟ್ಯಾಂಡಿಗೆ ಅಂಟಿಕೊಂಡಿರುವ ಪ್ರಾಥಮಿಕ ಶಾಲೆಯ ಕಾಂಪೌಂಡಿಗೆ ಹಿಂಭಾಗ ಮಾಡಿ ನಿಂತರೆ ಹೊರಡುವುದು ಒಂಬತ್ತು ಇಪ್ಪತ್ತಕ್ಕೆ, ಆ ಇಪ್ಪತ್ತು ನಿಮಿಷವೂ ಎಂಜಿನ್ ಆರಿಸುವ ಪದ್ಧತಿಯಿಲ್ಲ. ಚಾಲಕ ಬೋರಪ್ಪನವರನ್ನು ಕೇಳಿದ್ದಕ್ಕೆ, “ಆಫ್ ಮಾಡುದ್ರೆ ಮತ್ತೆ ಸ್ಟಾರ್ಟ್ ಆಗಕಿಲ್ಲ ಕಣವ್ವಾ, ತಳ್ಳೋರ್ ಯಾರು? ನೀವು ಟೀಚರುಗಳು ತಳ್ಳಾಕೂ ಬರಾಕಿಲ್ಲ,” ಎಂದು ನನ್ನ ಸಾಮಾಜಿಕ ಜವಾಬ್ದಾರಿಯನ್ನು ನೆನಪಿಸಿದರು.

ಹೊಗೆಯ ಕೊಳವೆಗೆ ಸರಿಯಾಗಿ ಎದುರಿಗಿರುವುದು ನಾಲ್ಕನೇ ತರಗತಿಯ ಕಿಟಕಿ. ಕಿಟಕಿಯ ಪಕ್ಕ ಕೂರುವವಳು ನನ್ನ ಮಗಳು ಹಂಸ. ಅವಳಿಗೆ ಉಬ್ಬಸವಿದೆ. ಡಾಕ್ಟರ್ ಚಂದ್ರಶೇಖರಯ್ಯನವರು ಇನ್‌ಹೇಲರ್ ಬರೆದುಕೊಟ್ಟು, “ಔಷಧಿ ಆಮೇಲೆ, ಮೊದಲು ಹೊಗೆಯಿಂದ ದೂರ ಇಡಿ,” ಎಂದಿದ್ದಾರೆ. ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು, ಆ ಬಸ್ಸು ಅಲ್ಲಿ ಕಾಯುವುದು ಯಾರಿಗಾಗಿಯೋ ಆ ಪ್ರಯಾಣಿಕರಲ್ಲಿ ನಾನೂ ಒಬ್ಬಳು. ನನ್ನ ಶಾಲೆಗೆ ಹೊತ್ತಿಗೆ ಸರಿಯಾಗಿ ತಲುಪಿಸುವ ಬಸ್ಸು ಅದೊಂದೇ. ನಾನು ಸೀಟಿನಲ್ಲಿ ಕುಳಿತು, ಅವಳು ಬೆಂಚಿನಲ್ಲಿ ಕುಳಿತು, ನಡುವೆ ಕಪ್ಪು ಹೊಗೆಯಲ್ಲಿ ಒಬ್ಬರಿಗೊಬ್ಬರು ಕೈ ಬೀಸುತ್ತೇವೆ.

ಕೊನೆಗೆ ಮಾಲೀಕರಿಗೇ ದೂರು ಕೊಟ್ಟೆ. ಅವರು ತಾವು ದಯಪಾಲಿಸಿದ ಪ್ರಮಾಣಪತ್ರವನ್ನು ಮುಂದೆ ಹಿಡಿದರು. ಮಿತಿ ಅರವತ್ತೈದು, ಈ ಬಸ್ಸಿನ ಹೊಗೆ ಮೂವತ್ತೆಂಟು, ಪರೀಕ್ಷೆಯಾದದ್ದು ಅಕ್ಟೋಬರ್ ಇಪ್ಪತ್ತರಂದು. ನಾನು ತಲೆತಗ್ಗಿಸಿದೆ. ಉಪಕರಣವೇ ಹೇಳಿದ ಮೇಲೆ ನನ್ನ ಕಣ್ಣು, ನನ್ನ ಮೂಗು, ನನ್ನ ಮಗಳ ಎದೆ ಇವುಗಳ ಸಾಕ್ಷ್ಯಕ್ಕೆ ಏನು ಬೆಲೆ?

ಆದರೂ ಇಷ್ಟು ಸೂಕ್ಷ್ಮವಾಗಿ ಅಳೆಯುವವರನ್ನು ಕಣ್ಣಾರೆ ನೋಡಬೇಕೆಂಬ ಆಸೆಯಿಂದ ತಮ್ಮ ಶೆಡ್ಡಿಗೆ ಬಂದೆ. ತಮಗೆ ಪೆಟ್ರೋಲಿಗೊಂದು, ಡೀಸೆಲ್ಲಿಗೊಂದು ಎಂದು ಎರಡು ಮೂಗುಗಳಿವೆಯೆಂದು ಕೇಳಿದ್ದೆ. ಎರಡೂ ಇದ್ದವು. ಎರಡಕ್ಕೂ ಅಕ್ಟೋಬರ್ ಮೊದಲ ವಾರದ ಆಯುಧಪೂಜೆಯ ದಿನ ಕಟ್ಟಿದ ಅರಿಶಿನದ ಬಟ್ಟೆ ಬಿಗಿಯಾಗಿ ಕಟ್ಟಿದ ಹಾಗೇ ಇತ್ತು, ಅದರ ಮೇಲೆ ಕುಂಕುಮ, ಗಂಧ, ಮಾಲೆ. ಹಬ್ಬ ಕಳೆದು ಐದು ವಾರವಾಗಿತ್ತು. ಬಿಚ್ಚುವುದಿಲ್ಲವೇ ಎಂದು ಕೇಳಿದರೆ ಕಾಂತರಾಜು ಅವರು ನನ್ನ ಅಜ್ಞಾನಕ್ಕೆ ಮರುಗಿ, “ಪೂಜೆ ಮಾಡಿರೋ ಮಿಸಿನ್ನು ಮೇಡಂ, ಕಟ್ಟಿದೋರೇ ಬಿಚ್ಬೇಕು. ನಮ್ಮವ್ವ ಕಟ್ಟಿದ್ದು. ಅವ್ವ ತಂಗಿ ಬಾಣಂತನಕ್ಕೆ ಚನ್ರಾಯಪಟ್ನಕ್ಕೆ ಓಗ್ಯದೆ, ಬರಾದು ಸಂಕ್ರಾಂತಿಗೇಯ,” ಎಂದರು. ಅವರ ತಾಯಿ ಮುದ್ದಮ್ಮನವರು ಊರಿಗೆ ಮರಳುವವರೆಗೆ ಈ ತಾಲ್ಲೂಕಿನ ವಾಯುಮಂಡಲ ಅರಿಶಿನದ ಬಟ್ಟೆಯಲ್ಲಿ ಸುರಕ್ಷಿತವಾಗಿದೆ ಎಂದು ತಿಳಿದು ನಿಟ್ಟುಸಿರು ಬಿಟ್ಟೆ.

ಹಾಗಾದರೆ ಮೂವತ್ತೆಂಟು ಎಲ್ಲಿಂದ ಬಂತೆಂಬುದನ್ನೂ ಅವರು ಮುಚ್ಚುಮರೆಯಿಲ್ಲದೆ ತಿಳಿಸಿದರು. “ಓದ್ ಸಲ ಎಷ್ಟಿತ್ತೋ ಅದುಕ್ಕೆ ಎಲ್ಡು ಕಮ್ಮಿ ಆಕ್ತೀನಿ ಮೇಡಂ. ಸುಧಾರಣೆ ಕಾಣ್ಬೇಕಲ್ವಾ?” ಮಾನ್ಯರೇ, ನಾನು ಮನೆಗೆ ಬಂದು ಲೆಕ್ಕ ಹಾಕಿದೆ. ಆರು ತಿಂಗಳಿಗೆ ಎರಡರಂತೆ ಇಳಿಯುತ್ತ ಹೋದರೆ ಇನ್ನು ಹತ್ತೊಂಬತ್ತು ಪ್ರಮಾಣಪತ್ರಗಳಲ್ಲಿ, ಅಂದರೆ 2013ರ ಹೊತ್ತಿಗೆ, ಈ ಬಸ್ಸು ಸೊನ್ನೆಗೆ ಬರುತ್ತದೆ. ಆನಂತರ ಸೊನ್ನೆಗಿಂತ ಕೆಳಗಿಳಿದು ಊರಿನ ಹೊಗೆಯನ್ನೆಲ್ಲ ಕೊಳವೆಯಿಂದ ಒಳಗೆ ಎಳೆದುಕೊಳ್ಳತೊಡಗುತ್ತದೆ. ಜಪಾನಿನವರು ಇದನ್ನು ನೋಡಲು ಖಂಡಿತ ಬರುತ್ತಾರೆ, ಅಷ್ಟರೊಳಗೆ ಬಸ್‌ಸ್ಟ್ಯಾಂಡಿನಲ್ಲೊಂದು ಶೌಚಾಲಯ ಕಟ್ಟಿಸಬೇಕು.

ತಮ್ಮ ಸಾಮರ್ಥ್ಯವನ್ನು ಇನ್ನಷ್ಟು ತಿಳಿಯುವ ಕುತೂಹಲದಿಂದ ನಮ್ಮ ಯಜಮಾನರಾದ ಪಟ್ಟಾಭಿರಾಮ ಅವರ ಸ್ಕೂಟರಿನ ನಂಬರನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಆ ಸ್ಕೂಟರಿನ ಎಂಜಿನ್ ಆಗಸ್ಟ್ ತಿಂಗಳಿನಿಂದ ಮೆಕ್ಯಾನಿಕ್ ಅಂಗಡಿಯಲ್ಲಿದೆ, ಉಳಿದ ಭಾಗ ನಮ್ಮ ಹಿತ್ತಲಿನಲ್ಲಿದ್ದು ಅದರ ಸೀಟಿನ ಮೇಲೆ ಹಪ್ಪಳ ಒಣಗುತ್ತದೆ. ಎರಡು ನಿಮಿಷದಲ್ಲಿ ಪ್ರಮಾಣಪತ್ರ ಬಂತು. ಕಾರ್ಬನ್ ಮಾನಾಕ್ಸೈಡ್ ಶೇಕಡಾ ಎರಡು ಪಾಯಿಂಟ್ ಒಂದು, ಮಿತಿಯೊಳಗಿದೆ. ಎಂಜಿನ್ನೇ ಇಲ್ಲದೆ ಅಷ್ಟನ್ನಾದರೂ ಹೊರಹಾಕಿದ ನಮ್ಮ ಸ್ಕೂಟರಿನ ಬಗ್ಗೆ ಯಜಮಾನರಿಗೆ ಹೆಮ್ಮೆಯಾಯಿತು.

ಈ ಕಾಗದವನ್ನು ಹಿಡಿದು ಸಂಬಂಧಪಟ್ಟ ಕಚೇರಿಗೂ ಹೋದೆ. ಅಲ್ಲಿನ ಸಾಹೇಬರು ಹಿಂದೆ ಮುಂದೆ ತಿರುಗಿಸಿ ನೋಡಿ, ಸೀಲು ಸರಿಯಾಗಿದೆ, ಸಹಿ ಸರಿಯಾಗಿದೆ, ಸ್ಕೂಟರು ಮಿತಿಯೊಳಗಿದೆ, ಇನ್ನು ನಿಮ್ಮ ತಕರಾರೇನಮ್ಮ ಎಂದು ಸೌಜನ್ಯದಿಂದಲೇ ಕೇಳಿ, ಓಡದ ವಾಹನಕ್ಕೆ ಪ್ರಮಾಣಪತ್ರ ಪಡೆದ ತಪ್ಪಿಗೆ ನೋಟಿಸ್ ಬರುವುದಿದ್ದರೆ ಅದು ನನಗೇ ಬರುತ್ತದೆಂದು ಹಿತವಚನ ಹೇಳಿ ಕಳಿಸಿದರು.

ಆದಕಾರಣ ತಮ್ಮಲ್ಲೇ ನೇರವಾಗಿ ಬೇಡಿಕೊಳ್ಳುತ್ತಿದ್ದೇನೆ. ಒಂದು ದಿನ ಬೆಳಿಗ್ಗೆ ಒಂಬತ್ತಕ್ಕೆ ತಾವು ಮಾಲೆಯ ಸಮೇತ ಶಾಲೆಗೆ ಚಿತ್ತೈಸಬೇಕು. ಬಸ್ಸಿನ ತಂಟೆಗೆ ಹೋಗುವುದು ಬೇಡ, ಅದು ಈಗಾಗಲೇ ಶುದ್ಧವಾಗಿದೆ. ತಾವು ತಮ್ಮ ಮೂಗನ್ನು ನನ್ನ ಮಗಳ ಮೂಗಿನ ಹತ್ತಿರ ಹಿಡಿದು, ಇವಳ ಉಸಿರು ಮಿತಿಯೊಳಗಿದೆ ಎಂದು ಒಂದು ಪ್ರಮಾಣಪತ್ರ ಮುದ್ರಿಸಿಕೊಡಬೇಕು. ಆರು ತಿಂಗಳಿಗೊಮ್ಮೆ ಅವಳ ಕೆಮ್ಮಿನಲ್ಲೂ ಎರಡೆರಡು ಕಡಿಮೆ ಮಾಡುತ್ತ ಬರಬೇಕು. ಮಾನ್ಯರೇ, ಇಷ್ಟು ಹೊತ್ತು ನಗುತ್ತ ಬರೆದೆ. ಬಸ್ಸು ಹೊರಡುವಾಗ ಅವಳು ಎರಡೂ ಕೈಯನ್ನು ಬೆಂಚಿಗೆ ಊರಿ, ಭುಜ ಮೇಲೆತ್ತಿ ಉಸಿರು ಎಳೆದುಕೊಳ್ಳುವುದನ್ನು ಕಂಡಾಗ ನನಗೆ ನಗು ಬರುವುದಿಲ್ಲ. ನನಗೆ ಭಯವಾಗುತ್ತದೆ.

ತಮ್ಮ ಅಂಕಿಗಳಲ್ಲಿ ಅಚಲ ನಂಬಿಕೆಯಿಟ್ಟ,
ತಮ್ಮ ವಿಶ್ವಾಸಿ,
ಕನಕಲಕ್ಷ್ಮಿ

ತಾ.ಕ.: ಈ ಪತ್ರ ಎಂಟು ದಿನ ನನ್ನ ಚೀಲದಲ್ಲೇ ಉಳಿಯಿತು. ಅಷ್ಟರಲ್ಲಿ ಹೆಡ್‌ಮಾಸ್ಟರ್ ಚನ್ನಬಸವಯ್ಯನವರು ನನ್ನ ಕಾಟ ತಾಳಲಾರದೆ ಹಂಸಳನ್ನು ಆಚೆ ಗೋಡೆಯ ಬದಿಗೆ ಕೂರಿಸಿದ್ದಾರೆ. ಕಿಟಕಿಯ ಪಕ್ಕ ಈಗ ಮೇಘಶ್ರೀ ಎಂಬ ಹುಡುಗಿ ಕೂರುತ್ತಾಳೆ. ಬಸ್ಸಿನಿಂದ ನೋಡುತ್ತೇನೆ, ಗುರುವಾರದಿಂದ ಅವಳು ಕೆಮ್ಮುತ್ತಿದ್ದಾಳೆ. ಅವಳು ಕಾಂತರಾಜು ಅವರ ಮಗಳು. ನನಗೆ ಒಳಗೊಳಗೇ ಖುಷಿಯಾಗಬೇಕಿತ್ತು, ಆಗಲಿಲ್ಲ. ನಿನ್ನೆ ಸಂಜೆ ಶೆಡ್ಡಿಗೆ ಹೋಗಿ, ಮಗುವಿಗೆ ಬಸ್ಸಿನ ಹೊಗೆ ತಾಕುತ್ತಿದೆ, ಬೇರೆ ಕಡೆ ಕೂರಿಸಲು ಹೇಳಿ ಎಂದೆ. ಅವರು ಗಾಬರಿಯಿಂದ ಎದ್ದು ನಿಂತು, ತಮ್ಮ ಕಡತ ತೆಗೆದು, ಬಸ್ಸಿನ ಪುಟ ಹುಡುಕಿ, ಅಂಕಿಯ ಮೇಲೆ ಬೆರಳಿಟ್ಟು ನೋಡಿ ಸಮಾಧಾನವಾಗಿ ಕುಳಿತರು. “ಅದುರ್ ಒಗೆ ಅಲ್ಲ ಬುಡಿ ಮೇಡಂ. ಅದು ಮೂವತ್ತೆಂಟೇಯ ಇರಾದು.”