ಹನ್ನೊಂದರ ಹೃದಯೋನ್ನತಿ

ಸಕಲ ಜೀವಿಗಳ ಹೃದಯವೂ ಬೆಳಗಿನ ಹನ್ನೊಂದು ಗಂಟೆಗೆ ತಾನಾಗಿಯೇ ಜೋರಾಗಿ ಬಡಿದುಕೊಳ್ಳುತ್ತದೆ ಎಂಬುದು ನಮ್ಮ ಸಂಸ್ಥೆಯಲ್ಲಿ ಅಧಿಕೃತವಾಗಿ ಸಾಬೀತಾಗಿರುವ ಸಂಗತಿ. ಈ ಸತ್ಯವನ್ನು ಲೋಕಕ್ಕೆ ತಿಳಿಸುವ ಸಲುವಾಗಿ ಭಗವಂತನು ಒಂದಷ್ಟು ಬಿಳಿ ಇಲಿಗಳನ್ನೂ, ನಮ್ಮ ನಿರ್ದೇಶಕರನ್ನೂ, ನನ್ನ ಅಕ್ಕನ ಮಗಳನ್ನೂ ಒಂದೇ ಕಟ್ಟಡದೊಳಗೆ ಸೇರಿಸಿದನು. ಕಚೇರಿಯ ಅಧೀಕ್ಷಕನಾದ ನನಗೆ ಅವನ ಲೀಲೆಯನ್ನು ಹತ್ತಿರದಿಂದ ನೋಡುವ ಭಾಗ್ಯ ಸಿಕ್ಕಿತು.

ಅಕ್ಕನ ಮಗಳು ನಮ್ಮಲ್ಲಿ ಸಂಶೋಧಕಿ. ಒತ್ತಡವು ಇಲಿಗಳ ದಿನನಿತ್ಯದ ಎದೆಬಡಿತದ ಲಯವನ್ನು ಹೇಗೆ ಕೆಡಿಸುತ್ತದೆ ಎಂಬುದು ಅವಳ ಪ್ರಬಂಧದ ವಿಷಯ. ಇಲಿ ಹಗಲು ಮಲಗಿ ಇರುಳು ಓಡಾಡುವ ಪ್ರಾಣಿ. ಅದರ ಬಡಿತವೂ ಹಗಲು ಇಳಿದು ಇರುಳು ಏರುತ್ತದೆ. ಹೊಟ್ಟೆಯ ಚರ್ಮದಡಿ ಕೂರಿಸಿದ ಪುಟ್ಟ ಯಂತ್ರವೊಂದು ಆ ಬಡಿತವನ್ನೆಲ್ಲ ಕಂಪ್ಯೂಟರಿಗೆ ಕಳಿಸುತ್ತಿರುತ್ತದೆ. ಒಂದು ಗುಂಪನ್ನು ಬೆಳಗಿನ ಹೊತ್ತು ಇಕ್ಕಟ್ಟಾದ ಕೊಳವೆಗಳಲ್ಲಿ ಕೂಡಿಹಾಕಬೇಕು. ಅವು ಒತ್ತಡದ ಇಲಿಗಳು. ಇನ್ನೊಂದು ಗುಂಪನ್ನು ಅದರ ಪಾಡಿಗೆ ಬಿಡಬೇಕು. ಅವು ನೆಮ್ಮದಿಯ ಇಲಿಗಳು. ಎರಡನ್ನೂ ಹೋಲಿಸಿ ಬರೆದ ಪ್ರಬಂಧ ಒಪ್ಪಿಗೆಯಾದರೆ ಅವಳ ಕೆಲಸ ಕಾಯಂ. ಆಗದಿದ್ದರೆ ವರ್ಷದ ಕೊನೆಗೆ ಮನೆ. ಭಾವ ಹಾಸಿಗೆ ಹಿಡಿದ ಮೇಲೆ ಆ ಮನೆಯ ಒಲೆ ಉರಿಯುವುದು ಅವಳೊಬ್ಬಳಿಂದಲೇ.

ತೊಂದರೆ ಬಂದದ್ದು ನೆಮ್ಮದಿಯ ಇಲಿಗಳಿಂದ. ಅವಕ್ಕೆ ನೆಮ್ಮದಿ ಇರಲಿಲ್ಲ. ಗಾಢ ನಿದ್ದೆಯಲ್ಲಿರಬೇಕಾದ ಹೊತ್ತಿನಲ್ಲಿ, ಹನ್ನೊಂದಾಗುತ್ತಲೇ ದಿಗ್ಗನೆದ್ದು, ಬೋನಿನ ಮೂಲೆಗೆ ಸರಿದು, ಒಂದರ ಮೇಲೊಂದು ಗುಡ್ಡೆಯಾಗುತ್ತಿದ್ದವು. ಪರದೆಯ ಮೇಲಿನ ಗೆರೆ ಸರ್ರನೆ ಮೇಲೇರುತ್ತಿತ್ತು. ಒತ್ತಡದ ಇಲಿಗಳು ಮಾತ್ರ ಕೊಳವೆಯೊಳಗೆ ಹಾಯಾಗಿ ಮಲಗಿರುತ್ತಿದ್ದವು. ಕೊಳವೆ ದಪ್ಪ, ಹೊರಗಿನ ಸದ್ದು ಒಳಗೆ ಕೇಳುವುದಿಲ್ಲ.

ಹನ್ನೊಂದು ಗಂಟೆ ಎಂದರೆ ನಮ್ಮ ನಿರ್ದೇಶಕರು ಸಂಸ್ಥೆಯನ್ನು ಒಂದು ಸುತ್ತು ಹಾಕುತ್ತಿದ್ದ ವೇಳೆ. ಅವರ ಬೂಟಿಗೆ ಲಾಳ ಹೊಡೆಸಿತ್ತು. ಕೈಯಲ್ಲಿದ್ದ ಕೀಲಿಗೊಂಚಲನ್ನು ಅವರು ಪ್ರತಿ ಬಾಗಿಲಿಗೂ ಬಡಿಯುತ್ತಿದ್ದರು. ಆಮೇಲೆ ಪ್ರತಿ ಕೋಣೆಯಲ್ಲೂ ಒಬ್ಬರನ್ನು ಆರಿಸಿ ಎಬ್ಬಿಸಿ ನಿಲ್ಲಿಸಿ, "ನಿಮ್ಮನ್ನ ಯಾರ್ರೀ ಕೆಲಸಕ್ಕೆ ತಗೊಂಡಿದ್ದು?" ಎಂದು ಕೇಳುತ್ತಿದ್ದರು. ಎಲ್ಲರನ್ನೂ ಅವರೇ ತೆಗೆದುಕೊಂಡಿದ್ದರಿಂದ ಯಾರೂ ಉತ್ತರ ಕೊಡುತ್ತಿರಲಿಲ್ಲ. ಸಿಬ್ಬಂದಿ ಅವರಿಗಿಟ್ಟಿದ್ದ ಅಡ್ಡಹೆಸರನ್ನು ನಾನಿಲ್ಲಿ ಬರೆಯಲಾರೆ. ಈಗಷ್ಟೇ ಪ್ರಾರ್ಥನೆ ಮುಗಿಸಿ ಕೂತಿದ್ದೇನೆ. ನನ್ನ ಮಟ್ಟಿಗೆ ಆ ಬೂಟಿನ ಸದ್ದು ಒಂದು ಅನುಗ್ರಹ. ಕೇಳಿದೊಡನೆ ದೇವರ ನಾಮ ತಾನಾಗಿ ನಾಲಿಗೆಗೆ ಬರುತ್ತದೆ. ಲೆಕ್ಕಪತ್ರ ವಿಭಾಗದ ನಾಸ್ತಿಕನಿಗೂ ಬರುತ್ತದಂತೆ.

ಒಂದು ದಿನ ಹುಡುಗಿ ನನ್ನ ಮೇಜಿನ ಬಳಿ ಬಂದು ಮೆಲ್ಲಗೆ ಹೇಳಿದಳು: "ಮಾವ, ಇಲಿಗಳಿಗೆ ಒತ್ತಡ ಆಗ್ತಿರೋದು ಕೊಳವೆಯಿಂದಲ್ಲ. ಸಾಹೇಬ್ರಿಂದ."

"ಹಾಗನ್ನಬಾರದಮ್ಮ. ಅವರು ಬೈಯೋದು ಮನುಷ್ಯರನ್ನ ಮಾತ್ರ."

"ಅದು ಇಲಿಗೆ ಗೊತ್ತಾಗ್ಬೇಕಲ್ಲ, ಮಾವ."

ಪ್ರಯೋಗ ಮುಗಿಯುವವರೆಗೆ ಇಲಿಕೋಣೆಯ ಕಡೆ ಬರಬಾರದೆಂದು ಅವರನ್ನು ಬೇಡಿಕೊಳ್ಳಬೇಕೆಂಬುದು ಅವಳ ಆಸೆ. ಎರಡನೇ ಮಹಡಿಯಲ್ಲಿದ್ದ ಅವರ ಕೋಣೆಗೆ ನಾನೇ ಕರೆದುಕೊಂಡು ಹೋದೆ. ನಿರ್ದೇಶಕರು ಪೂರ್ತಿ ಕೇಳಿಸಿಕೊಂಡು, ತಪ್ಪು ಯಾರದೆಂದು ತಕ್ಷಣ ಗುರುತಿಸಿ, ಅಂದೇ ಸುತ್ತೋಲೆ ಹೊರಡಿಸಿದರು:

"ನೆಮ್ಮದಿಯ ಗುಂಪಿಗೆ ಸೇರಿದ ಸಮಸ್ತ ಪ್ರಾಣಿಗಳು ಪ್ರಯೋಗದ ಅವಧಿಯಲ್ಲಿ ಕಡ್ಡಾಯವಾಗಿ ನೆಮ್ಮದಿಯಿಂದ ಇರತಕ್ಕದ್ದು. ತಪ್ಪಿದಲ್ಲಿ ಶಿಸ್ತುಕ್ರಮ ಜರುಗಿಸಲಾಗುವುದು."

ಇದನ್ನು ಪ್ರತಿ ಬೋನಿಗೂ, ಓದಲು ಅನುಕೂಲವಾಗುವಂತೆ ಇಲಿಯ ಕಣ್ಣಿನ ಎತ್ತರಕ್ಕೆ, ಅಂಟಿಸಲಾಯಿತು. ಪಾಲನೆಯಾಗುತ್ತಿದೆಯೇ ಎಂದು ನೋಡಲು ನಿರ್ದೇಶಕರು ಖುದ್ದಾಗಿ ದಿನವೂ ಹನ್ನೊಂದಕ್ಕೆ ಬೋನುಗಳ ಮುಂದೆ ನಿಲ್ಲತೊಡಗಿದರು. ಗೆರೆ ಇನ್ನಷ್ಟು ಮೇಲೇರಿತು.

ಆಗ ಒಂದು ಸಮಿತಿ ರಚನೆಯಾಯಿತು. "ನಾನೇ ಕಾರಣ ಆಗಿದ್ರೆ ಸಿಬ್ಬಂದಿಗೂ ಹೀಗೇ ಆಗ್ಬೇಕಿತ್ತಲ್ಲ? ಅವರು ನನ್ನನ್ನ ಎಷ್ಟು ಪ್ರೀತಿಸ್ತಾರೆ! ಅವರಿಗೂ ಯಂತ್ರ ಕಟ್ಟಿ ನೋಡಿ" ಎಂದರು ನಿರ್ದೇಶಕರು. ಕಾವಲುಗಾರನಿಂದ ಹಿಡಿದು ಉಪನಿರ್ದೇಶಕರವರೆಗೆ ಎಲ್ಲರ ಮಣಿಕಟ್ಟಿಗೂ ಬಡಿತ ಅಳೆಯುವ ಪಟ್ಟಿ ಬಂತು. ಹನ್ನೊಂದು ಗಂಟೆಗೆ ಎಲ್ಲರ ಗೆರೆಯೂ ಇಲಿಗಳ ಗೆರೆಯ ಜೊತೆಗೇ ಎದ್ದಿತು. ತಾನೂ ಪಟ್ಟಿ ಕಟ್ಟಿಕೊಂಡಿದ್ದ ನಿರ್ದೇಶಕರ ಗೆರೆ ಮಾತ್ರ ಕೆರೆಯ ನೀರಿನಂತೆ ಶಾಂತವಾಗಿತ್ತು.

ಸಮಿತಿಯ ಸಭೆಯಲ್ಲಿ ಅವರು ಆ ಗೆರೆಗಳ ಚಿತ್ರವನ್ನು ಬಹಳ ಹೊತ್ತು ನೋಡಿದರು.

"ಇಲಿಗೂ ಇದೆ, ಮನುಷ್ಯನಿಗೂ ಇದೆ. ಅಂದ್ಮೇಲೆ ಇದು ಪ್ರಕೃತಿ ನಿಯಮ" ಎಂದರು ಕೊನೆಗೆ.

ಸಮಿತಿ ಒಪ್ಪಿತು. ಈ ನಿಯಮಕ್ಕೆ 'ಹನ್ನೊಂದರ ಹೃದಯೋನ್ನತಿ' ಎಂದು ಹೆಸರಿಡಲಾಯಿತು. ಭಾನುವಾರಗಳಂದು ಇದು ಕಂಡುಬರುವುದಿಲ್ಲವೆಂದು ಯಾರೋ ನೆನಪಿಸಿದಾಗ, ಪ್ರಕೃತಿಗೂ ವಾರದ ರಜೆ ಇರುತ್ತದೆ ಎಂಬ ಉಪನಿಯಮ ಸೇರಿತು. ನನಗಂತೂ ಕಣ್ಣು ತುಂಬಿ ಬಂತು. ಇಲಿಯಂಥ ಸಣ್ಣ ಜೀವಕ್ಕೂ ರಜೆ ಮಂಜೂರು ಮಾಡಿದ ಭಗವಂತನ ಕರುಣೆ ಎಂಥದು!

ಆಗ ಅಕ್ಕನ ಮಗಳು ಎದ್ದು ನಿಂತು, ಒಂದೇ ಒಂದು ದಿನ ಮಧ್ಯಾಹ್ನ ಸುತ್ತು ಹಾಕಿ ನೋಡಿ, ಎಲ್ಲ ತಿಳಿಯುತ್ತದೆ ಎಂದುಬಿಟ್ಟಳು.

ನಿರ್ದೇಶಕರು ಅವಳ ಕಡೆ ತಿರುಗಿದರು. "ನಿಮ್ಮನ್ನ ಯಾರ್ರೀ ಕೆಲಸಕ್ಕೆ ತಗೊಂಡಿದ್ದು?"

"ನೀವೇ, ಸರ್."

ಸಂಸ್ಥೆಯ ಇತಿಹಾಸದಲ್ಲಿ ಆ ಪ್ರಶ್ನೆಗೆ ಬಂದ ಮೊದಲ ಉತ್ತರ ಅದು. ಪ್ರಬಂಧವನ್ನು ಹೊಸ ನಿಯಮಕ್ಕೆ ತಕ್ಕಂತೆ ತಿದ್ದಿ ಬರೆಯುವವರೆಗೆ ಸ್ವೀಕರಿಸಬಾರದೆಂದು ಸಮಿತಿ ಅಲ್ಲೇ ತೀರ್ಮಾನಿಸಿತು.

ಅಂದು ಸಂಜೆ ಅಕ್ಕನ ಮನೆಗೆ ಹೋದೆ. ಭಾವ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅಕ್ಕ ನೀರು ತಂದಿಟ್ಟಳು. ಹುಡುಗಿ ಕೇಳಿದಳು: "ಮಾವ, ಸುಳ್ಳು ಬರೀಲಾ?"

"ಬರೆಯೋದು ಕೈಯಷ್ಟೇ ಕಣಮ್ಮ. ಬರೆಸೋನು ಮೇಲಿದ್ದಾನೆ."

"ಗೊತ್ತು. ಎರಡನೇ ಮಹಡೀಲಿ" ಅಂದಳು.

ತಿದ್ದಿದ ಪ್ರಬಂಧ ಒಪ್ಪಿಗೆಯಾಯಿತು. ಕಾಯಂ ಆದೇಶ ಮಾತ್ರ ಖಾಲಿ ಹುದ್ದೆಯಿಲ್ಲವೆಂದು ನಿಂತುಹೋಯಿತು. ಅಷ್ಟರಲ್ಲಿ ನಿರ್ದೇಶಕರು ನಿವೃತ್ತರಾದರು. ಮರುದಿನ ಹನ್ನೊಂದಕ್ಕೆ ನೆಮ್ಮದಿಯ ಇಲಿಗಳು ಮಲಗಿಯೇ ಇದ್ದವು. ಸಿಬ್ಬಂದಿಯ ಪಟ್ಟಿಗಳೂ ತಣ್ಣಗಿದ್ದವು. ಸಂಸ್ಥೆಯಲ್ಲಿ ಹಾಹಾಕಾರವೆದ್ದಿತು. ಪ್ರಕೃತಿ ನಿಯಮವೇ ನಿಂತುಹೋದರೆ ಅದಕ್ಕಾಗಿ ಬರುತ್ತಿರುವ ಅನುದಾನದ ಗತಿಯೇನು? ನಿಯಮವನ್ನು ಕಣ್ಣಾರೆ ಕಾಣಲು ಹೊರಗಿನ ತಜ್ಞರು ಬೇರೆ ಬರುವವರಿದ್ದರು.

ಹೊಸ ನಿರ್ದೇಶಕರು ಮೃದು ಸ್ವಭಾವದವರು. ಮೆತ್ತನೆ ಚಪ್ಪಲಿ ಹಾಕುವವರು. ತಮ್ಮಿಂದಾಗದೆಂದು ಕೈಚೆಲ್ಲಿದರು. ಆಗ ಮೇಲಿನವರು 'ಲಯಪಾಲಕ' ಎಂಬ ಕಾಯಂ ಹುದ್ದೆಯನ್ನು ಸೃಷ್ಟಿಸಿದರು. ಅರ್ಹತೆ: ಸದರಿ ವಿಷಯದಲ್ಲಿ ಪ್ರಬಂಧ ಬರೆದಿರಬೇಕು. ಕರ್ತವ್ಯ: ಪ್ರಕೃತಿಯು ಮರೆತಲ್ಲಿ ಜ್ಞಾಪಿಸುವುದು. ಲೋಕದಲ್ಲಿ ಅಂಥ ಅರ್ಹತೆ ಒಬ್ಬಳಿಗೇ ಇತ್ತು. ಅಕ್ಕ ಅಂದು ನನ್ನ ಕೈ ಹಿಡಿದು ಅತ್ತುಬಿಟ್ಟಳು.

ಹಳೆಯ ನಿರ್ದೇಶಕರು ಬೂಟನ್ನೂ ಕೀಲಿಗೊಂಚಲನ್ನೂ ಸಂಸ್ಥೆಗೆ ದಾನ ಮಾಡಿದರು. ಬೂಟು ದೊಡ್ಡದಾದ್ದರಿಂದ ಹುಡುಗಿ ಒಳಗೆ ಬಟ್ಟೆ ತುರುಕಿಕೊಂಡಳು. ಮೊದಲ ವಾರ ಬಾಗಿಲುಗಳನ್ನು ಸುಮ್ಮನೆ ತಟ್ಟಿ ಹೋದಳು. ಯಾವ ಇಲಿಯೂ ಏಳಲಿಲ್ಲ. ಕೆಲಸ ತೃಪ್ತಿಕರವಾಗಿಲ್ಲವೆಂದು ಜ್ಞಾಪನ ಬಂತು. ಎರಡನೇ ವಾರ ಜೋರಾಗಿ ಬಡಿದಳು. ಮೂರನೇ ವಾರ ಗ್ರಂಥಪಾಲಕನನ್ನು ಎಬ್ಬಿಸಿ ನಿಲ್ಲಿಸಿದಳಂತೆ. ಪಾಪ, ಅವನಿಗೆ ಖುಷಿಯೇ ಆಯಿತು, ಎಲ್ಲ ಮೊದಲಿನ ಹಾಗಾಯಿತಲ್ಲ ಎಂದು. ತಜ್ಞರು ಬಂದು, ಗೆರೆ ನೋಡಿ, ಬೆರಗಾಗಿ, ಅನುದಾನವನ್ನು ಹೆಚ್ಚಿಸಲು ಶಿಫಾರಸು ಮಾಡಿ ಹೋದರು.

ಹಿಂದೆ ಅವಳು ಕೋಣೆಗೆ ಕಾಲಿಟ್ಟರೆ ಇಲಿಗಳು ಬೋನಿನ ಸರಳಿಗೆ ಬಂದು ಅವಳ ಬೆರಳು ಮೂಸುತ್ತಿದ್ದವು. ಈಗ ಅವಳು ಬರಿಗಾಲಲ್ಲಿ ಕಾಳು ಹಾಕಲು ಹೋದರೂ ಮೂಲೆ ಸೇರುತ್ತವೆ. ವಾರ್ಷಿಕ ವರದಿಯಲ್ಲಿ ಇದನ್ನು ಗಣನೀಯ ಪ್ರಗತಿ ಎಂದು ನಮೂದಿಸಿದ್ದೇನೆ.

ನಿನ್ನೆ ಲಾಳದ ಸದ್ದು ನನ್ನ ಕೋಣೆಯ ಕಡೆಗೇ ಬಂತು. ದೇವರ ನಾಮ ನಾಲಿಗೆಗೆ ಬಂತು. ಎದ್ದು ನಿಂತೆ. ನಮ್ಮ ಹುಡುಗಿಯೇ ಅಲ್ಲವೇ ಎಂದುಕೊಂಡು ಮತ್ತೆ ಕೂತೆ.

"ಕೂತ್ಕೊಳ್ಳಿ ಅಂತ ನಾನು ಹೇಳಿದ್ನಾ, ಅಧೀಕ್ಷಕರೇ?" ಎಂದಳು.

ಮತ್ತೆ ಎದ್ದೆ. ಅವಳು ಬಗ್ಗಿ ನನ್ನ ಮಣಿಕಟ್ಟಿನ ಪಟ್ಟಿ ನೋಡಿ, ಸರಿಯಿದೆ ಎನ್ನುವಂತೆ ತಲೆಯಾಡಿಸಿ, ಮುಂದಿನ ಕೋಣೆಗೆ ಹೋದಳು. ಅಕ್ಕನ ಮನೆಗೆ ಒಂದು ನೆಲೆ ಸಿಕ್ಕಿತಲ್ಲ ಎಂದು ಭಗವಂತನಿಗೆ ನಿಂತೇ ಕೈಮುಗಿದೆ. ಕೂತೇ ಕೈಮುಗಿಯಬಹುದಿತ್ತು. ಆದರೆ ಅವಳಿನ್ನೂ ಪಕ್ಕದ ಕೋಣೆಯಲ್ಲಿದ್ದಳು.