ಸಮೃದ್ಧಿದೇವಿಯ ದೃಢೀಕೃತ ತಲೆ

ಗ್ರೆಂಡಲ್ ಬೇ ನಗರದ ಪಾರಂಪರಿಕ ವಿಗ್ರಹ ಪುನರ್ನಿರ್ಮಾಣ ಸಮಿತಿಯ ಏಳನೆಯ ನಿಯಮದ ಪ್ರಕಾರ, ದಾಖಲೆಯಲ್ಲಿ ಇಲ್ಲದ್ದು ಎಂದೂ ಇರಲಿಲ್ಲ.

೧೯೦೩ರ ವಿಶ್ವಮೇಳಕ್ಕೆಂದು ಸರೋವರದ ದಂಡೆಯಲ್ಲಿ ನಲವತ್ತು ಅಡಿಯ ಸಮೃದ್ಧಿದೇವಿಯನ್ನು ನಿಲ್ಲಿಸಿದ್ದರು. ಮೇಳದ ಅರಮನೆಗಳಂತೆ ಅವಳೂ ಗಾರೆ ಮತ್ತು ಸೆಣಬಿನವಳು, ಆರು ತಿಂಗಳ ಬಾಳಿಕೆಯವಳು. ಮೇಳ ಮುಗಿದದ್ದೇ ಹಗ್ಗ ಬಿಗಿದು ಕೆಡವಿದರು. ಎಂಬತ್ತು ವರ್ಷದ ಮೇಲೆ ನಗರಕ್ಕೆ ಅವಳ ನೆನಪಾಯಿತು. ಮತ್ತೆ ಕಟ್ಟುವ ಕೆಲಸ ಒಡೆಸಾ ಪ್ರೂಯಿಟ್ ಕೈಗೆ ಬಂತು.

ಒಡೆಸಾ ಗಾರೆ ಹೊತ್ತು ಏಣಿ ಹತ್ತುತ್ತಲೇ ಸ್ವಂತ ಗಾರೆ ಕೆಲಸದ ಅಂಗಡಿ ಇಟ್ಟವಳು. ಈಗ ಐವತ್ತಾರು. ಈ ಕೆಲಸದಲ್ಲಿ ಅವಳಿಗೆ ಬೇಕಾಗಿದ್ದದ್ದು ಮುಖವೊಂದೇ. ದೇವಿಯ ಮುಖಕ್ಕೆ ಮಾದರಿಯಾಗಿ ಕೂತವಳು ಅವಳ ಅಜ್ಜಿ ಲವೀನಿಯಾ, ಆಗ ಬಟ್ಟೆ ಒಗೆಯುತ್ತಿದ್ದ ಹುಡುಗಿ. ಸಾಯುವವರೆಗೂ ಅಜ್ಜಿಯದು ಒಂದೇ ಗೊಣಗಾಟ: "ನಲವತ್ತಡಿ ಮೇಲೆ ನನ್ನ ಮುಖ ಇಟ್ಟಿದ್ರು ಕಣೇ. ಕೆಳಗಿಂದ ನೋಡಿದವರಿಗೆ ಗದ್ದ ಬಿಟ್ಟು ಏನೂ ಕಾಣ್ಲಿಲ್ಲ."

ಸಮಿತಿಗೆ ಸಿಕ್ಕಿದ್ದು ಒಂದೇ ಫೋಟೋ. ಅದು ಕೆಡವಿದ ದಿನದ್ದು. ಸೊಂಟಕ್ಕೆ ಹಗ್ಗವಿತ್ತು, ಕುತ್ತಿಗೆಯ ಮೇಲೆ ಬರೀ ಆಕಾಶವಿತ್ತು.

ಬಹಿರಂಗ ಸಭೆಯಲ್ಲಿ ಪ್ರತಿ ನಾಗರಿಕನಿಗೆ ಮೂರು ನಿಮಿಷ, ಆಮೇಲೆ ಗಂಟೆ. ಒಡೆಸಾ ಎದ್ದು ನಿಂತಳು.

"ತಲೆ ಇಲ್ಲದೆ ಕಟ್ಟಬೇಕಾ, ಸ್ವಾಮಿ?"

"ತಲೆ ಇಲ್ಲ ಅಂತ ಯಾಕೆ ಅಂತೀರಿ ಮೇಡಂ?" ಅಧ್ಯಕ್ಷ ಥರ್ಸ್ಟನ್ ಗೇಲ್ ನೊಂದುಕೊಂಡರು. "ತಲೆ ದೃಢಪಟ್ಟಿಲ್ಲ ಅನ್ನಿ."

ಅವಳು ಅಜ್ಜಿಯ ಫೋಟೋ ಮುಂದಿಟ್ಟಳು.

"ಇದು ನಿಮ್ಮಜ್ಜಿ. ದೇವಿಯಲ್ಲ."

"ದೇವಿಗೆ ಇದ್ದದ್ದು ನಮ್ಮಜ್ಜಿ ಮುಖಾನೇ!"

"ಅದಕ್ಕೆ ದಾಖಲೆ?"

"ದೇವಿಯ ಮುಖ."

"ಅದು ಕಳೆದುಹೋಗಿದೆಯಲ್ಲ ಮೇಡಂ," ಎಂದರು ಗೇಲ್, ನಿಜವಾದ ಕನಿಕರದಿಂದ. ಗಂಟೆ ಹೊಡೆಯಿತು.

ಹಿಂದಿನ ಸಾಲಿನಿಂದ ಮೀನುಗಾರ ಬಾರ್ಟಿ ಸ್ಲೋನ್ ಕೂಗಿದ: "ಬಿಡೇ ಒಡೆಸಾ! ಊರಿನ ತಲೆ ಇಲ್ಲದವರೆಲ್ಲ ಸಮಿತಿ ಸೇರ್ಕೊಂಡಿದ್ದಾರೆ, ಈ ದೇವಿಯೊಬ್ಬಳು ಯಾಕೆ ಹೊರಗಿರಬೇಕು?"

ನಡಾವಳಿಯಲ್ಲಿ ಹೀಗೆ ಬರೆಯಲಾಯಿತು: 'ಸಾರ್ವಜನಿಕರಿಂದ ಬೆಂಬಲ ವ್ಯಕ್ತವಾಯಿತು.'

ಒಡೆಸಾ ಹಲ್ಲು ಕಚ್ಚಿ ಕಟ್ಟಿದಳು. ಫೋಟೋದಲ್ಲಿ ಮುರಿದಿದ್ದ ಎಡಗೈಯನ್ನು ಮುರಿದ ಹಾಗೆಯೇ ಮಾಡಿದಳು. ಸೊಂಟದ ಹಗ್ಗದ ಗಂಟನ್ನು ಹಗ್ಗದ ಉಪಸಮಿತಿ ಎರಡು ಸಲ ಬಿಚ್ಚಿಸಿ ಕಟ್ಟಿಸಿತು. ಆದರೆ ಮಧ್ಯಾಹ್ನದ ಬ್ರೆಡ್ ತಿನ್ನುವಾಗೆಲ್ಲ ಅವಳು ಭೂತಗನ್ನಡಿ ಹಿಡಿದು ಆ ಫೋಟೋವನ್ನೇ ನೋಡುತ್ತಿದ್ದಳು. ಒಂದು ದಿನ ಬಲಮೂಲೆಯಲ್ಲಿ, ಹುಲ್ಲಿನ ನಡುವೆ, ಗುಂಡಗೆ ಬಿಳಿಯದೇನೋ ಕಂಡಿತು.

ಮುಂದಿನ ಸಭೆಯಲ್ಲಿ ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಒಬ್ಬರು ಟೋಪಿ ಎಂದರು. ಗೇಲ್ ಅವರಿಗೆ ಎಲೆಕೋಸಿನಂತೆ ಕಂಡಿತು.

"ಪಕ್ಕದಲ್ಲಿ ನಿಂತ ಆಳನ್ನ ನೋಡಿ ಅಳತೆ ಹಾಕಿ," ಎಂದಳು ಒಡೆಸಾ. "ಅದು ಐದಡಿ ಇದೆ. ಈ ಊರಲ್ಲಿ ಐದಡಿ ಕೋಸು ಬೆಳೆದ ದಾಖಲೆ ಇದೆಯಾ?"

ದಾಖಲೆ ಇರಲಿಲ್ಲ. ಆದ್ದರಿಂದ ಏಳನೆಯ ನಿಯಮದ ಪ್ರಕಾರ ಕೋಸೂ ಇರಲಿಲ್ಲ. ಟೋಪಿಯೂ ಅದೇ ದಾರಿ ಹಿಡಿಯಿತು. ಉಳಿದದ್ದು ತಲೆ ಎಂದು ಸಮಿತಿ ಸರ್ವಾನುಮತದಿಂದ ನಿರ್ಣಯಿಸಿತು. ತಲೆಗೆ ಮುಖವಿರುವುದು ವಾಡಿಕೆಯಾದ್ದರಿಂದ, ಅದನ್ನು ಕೆಲಸಗಾರರ ವಿವೇಚನೆಗೆ ಬಿಡಲಾಯಿತು. ತಲೆ ಇರಬೇಕಾದ ಜಾಗ ಮಾತ್ರ ಫೋಟೋದಲ್ಲಿ ಇದ್ದಂತೆ: ಹುಲ್ಲು.

ಅನಾವರಣದ ದಿನ ಮೇಯರ್ ಸಾಹೇಬರು ಕುತ್ತಿಗೆಯವರೆಗಿನ ದೇವಿಗೆ ಟೋಪಿ ತೆಗೆದು ವಂದಿಸಿದರು. ಆಮೇಲೆ ಊರಿಗೆ ಊರೇ ಹುಲ್ಲಿನ ಕಡೆ ಬಗ್ಗಿತು. ಲವೀನಿಯಾಳ ಅಗಲ ಹಣೆ, ಕೆನ್ನೆಯ ಮಚ್ಚೆ, ಯಾರಿಗೂ ಸೊಪ್ಪು ಹಾಕದ ತುಟಿ, ಎಲ್ಲವೂ ಸೊಂಟದೆತ್ತರದಲ್ಲಿ. ಪಕ್ಕದಲ್ಲಿ ಫಲಕ: 'ತಲೆಯನ್ನು ಎತ್ತಬಾರದು. ಅದು ತನ್ನ ಸ್ಥಾನದಲ್ಲಿಯೇ ಇದೆ.'

ಈಗ ಮದುವೆಯಾದವರು ಅಲ್ಲಿಗೆ ಬಂದು ಆ ಕೆನ್ನೆಗೆ ಕೆನ್ನೆ ತಾಗಿಸಿ ಚಿತ್ರ ತೆಗೆಸಿಕೊಳ್ಳುತ್ತಾರೆ. ನಗರದ ಮುದ್ರೆಯಲ್ಲಿಯೂ ದೇವಿ ಒಂದು ಕಡೆ, ತಲೆ ಒಂದು ಕಡೆ. ಹುಲ್ಲನ್ನು ಫೋಟೋದ ಎತ್ತರಕ್ಕೇ ಕತ್ತರಿಸಬೇಕೆಂದು ಉದ್ಯಾನ ಇಲಾಖೆಗೆ ಆದೇಶವಿದೆ. ತುಟಿಯ ಸುತ್ತ ಮಾತ್ರ ಒಡೆಸಾ ತಾನೇ ಬಂದು ಕತ್ತರಿಸುತ್ತಾಳೆ.

"ಅರ್ಜಿ ಹಾಕೋಣ್ವೇನೇ?" ಎಂದು ಬಾರ್ಟಿ ಮೊನ್ನೆ ಕೇಳಿದ. "ತಲೆ ಮೇಲಕ್ಕೆ ಏರಿಸೋದಕ್ಕೆ?"

"ಬಾಯ್ಮುಚ್ಚು," ಎಂದಳು ಒಡೆಸಾ, ಕತ್ತರಿ ಆಡಿಸುತ್ತಲೇ. "ಅಲ್ಲಿಟ್ರೆ ಗದ್ದ ಅಷ್ಟೇ ಕಾಣೋದು."